ಬಂಡೆ ಇಳಿಯಲ್ಲ ಅನ್ನೋ ಮಕ್ಕಳನ್ನ ಒತ್ತಾಯ ಮಾಡಬೇಕಾ, ಬಿಡಬೇಕಾ?

ಪೀಟಿ_ಮೇಷ್ಟ್ರು:
ಫೆಬ್ರವರಿ ಎರಡನೇ ವಾರ 9ನೇ ತರಗತಿಯ 36 ಮಕ್ಕಳನ್ನ ರಾಮನಗರಕ್ಕೆ ಕರ್ಕೊಂಡು ಹೋಗ್ತಿದ್ದೀವಿ. ಒಂದು ದಿನದ ಕ್ಲೈಂಬಿಂಗ್, ಹಗ್ಗ ಹಿಡಿದು ಬಂಡೆ ಇಳಿಯೋ ರ್‍ಯಾಪೆಲಿಂಗ್. ಹೊರಗಿನ ತಂಡದಿಂದ ಮೂವರು ಇನ್‌ಸ್ಟ್ರಕ್ಟರ್ ಬರ್ತಾರೆ. ಹತ್ತೋಕೆ ಒಂದು ಹಗ್ಗ, ಇಳಿಯೋಕೆ ಒಂದು. ಬಂಡೆ ಸುಮಾರು 20 ಮೀಟರ್. ಏಳೆಂಟು ಮಕ್ಕಳು ಈಗಲೇ "ಬರ್ತೀವಿ, ಆದ್ರೆ ಇಳಿಯಲ್ಲ ಸಾರ್" ಅಂತಿದ್ದಾರೆ. ಸ್ವಲ್ಪ ದಬಾಯಿಸಿದ್ರೆ ಧೈರ್ಯ ಬರುತ್ತೆ ಅಂತ ಸ್ಟಾಫ್ ರೂಮಲ್ಲಿ ಅರ್ಧ ಜನ, ತಂಟೆಗೇ ಹೋಗ್ಬೇಡಿ ಅಂತ ಇನ್ನರ್ಧ. ಹಗ್ಗದ ವಿಷಯದಲ್ಲಿ ಇನ್‌ಸ್ಟ್ರಕ್ಟರ್ ಹತ್ರ ಏನು ಕೇಳಬೇಕು ಅಂತಲೂ ತಿಳಿಸಿ.

ಹಗ್ಗ_ಗಂಟು:
ಮೇಷ್ಟ್ರೇ, ಮೊದಲು ಹಗ್ಗ. ಅದು ಸರಿ ಇಲ್ದೇ ಇದ್ರೆ ಧೈರ್ಯದ ಮಾತು ಆಡೋದೇ ತಪ್ಪು.

ರ್‍ಯಾಪೆಲಿಂಗ್‌ನಲ್ಲಿ ಮಗುಗೆ ಎರಡು ಹಗ್ಗ ಇರಬೇಕು. ಒಂದು ಮಗು ತಾನೇ ಹಿಡಿದು ಇಳಿಯೋ ಮೇನ್ ಹಗ್ಗ. ಇನ್ನೊಂದು ಸೇಫ್ಟಿ ಹಗ್ಗ, ಹಾರ್ನೆಸ್‌ಗೆ (ಸೊಂಟ, ತೊಡೆಗೆ ಕಟ್ಟೋ ಪಟ್ಟಿ) ಫಿಗರ್ ಎಯ್ಟ್ (8ರ ಆಕಾರದ) ಗಂಟಲ್ಲಿ ಕಟ್ಟಿ ಮೇಲಿಂದ ಇನ್‌ಸ್ಟ್ರಕ್ಟರ್ ಬಿಲೇ ಕೊಡೋದು, ಅಂದ್ರೆ ಬಿದ್ರೆ ತಡೆಯೋ ಹಾಗೆ ಹಿಡಿದಿರೋದು. "ಕೆಳಗೆ ಒಬ್ಬರು ಹಗ್ಗ ಎಳೆದು ಹಿಡಿದಿರ್ತಾರೆ, ಅಷ್ಟು ಸಾಕು" ಅಂದ್ರೆ ಮೊದಲ ಸಲ ಇಳಿಯೋ ಮಕ್ಕಳಿಗೆ ಅದು ಸಾಲದು.

ಆಮೇಲೆ ಇದೊಂದು ಪ್ರಶ್ನೆ ಕೇಳಿ: "ಮಧ್ಯದಲ್ಲಿ ಕೂದಲು ಸಿಕ್ಕಿಕೊಂಡ್ರೆ ಏನ್ಮಾಡ್ತೀರಿ?" ಸಡಿಲ ಟೀಶರ್ಟ್, ಜಡೆ, ಹೆಲ್ಮೆಟ್ ಪಟ್ಟಿಯ ತುದಿ, ಇವು ಡಿಸೆಂಡರ್ (ಹಗ್ಗದಲ್ಲಿ ಇಳಿಯೋ ವೇಗ ತಡೆಯೋ ಸಾಧನ) ಒಳಗೆ ಹೋದ್ರೆ ಮಗುವಿನ ಪೂರ್ತಿ ಭಾರ ಅದರ ಮೇಲೆಯೇ ಕೂರುತ್ತೆ, ಬಿಡಿಸೋಕೆ ಆಗಲ್ಲ. ಮೇನ್ ಹಗ್ಗವನ್ನ ಬಂಡೆಯ ಮೇಲಿನ ಆಧಾರಕ್ಕೆ, ಅಂದ್ರೆ ಆಂಕರ್‌ಗೆ ಬಿಗಿ ಗಂಟು ಹಾಕಿ ಕಟ್ಟಿದ್ರೆ ಅಲ್ಲಿಗೆ ಮುಗೀತು. ಸರಿಯಾದ ಕ್ರಮ ಅಂದ್ರೆ ಆಂಕರ್ ಹತ್ರ ಮುಂಟರ್ ಹಿಚ್ (ಹಗ್ಗವನ್ನ ನಿಧಾನಕ್ಕೆ ಬಿಡಬಹುದಾದ ಗಂಟು) ಹಾಕಿ, ಭಾರ ಇದ್ದಾಗಲೂ ಬಿಚ್ಚಬಹುದಾದ ಮ್ಯೂಲ್ ಗಂಟಿನಿಂದ ಲಾಕ್ ಮಾಡಿ, ಅದರ ಮೇಲೊಂದು ಓವರ್‌ಹ್ಯಾಂಡ್ (ಸಾದಾ ಗಂಟು), ಹಿಂದೆ ಬಂಡೆಯ ಎತ್ತರದಷ್ಟು ಹಗ್ಗ ಉಳಿಸಿಕೊಳ್ಳೋದು. ಸಿಕ್ಕಿಕೊಂಡ ತಕ್ಷಣ ಸೇಫ್ಟಿ ಹಗ್ಗ ಬಿಗಿ ಮಾಡಿ ಲಾಕ್, ಆಮೇಲೆ ಮ್ಯೂಲ್ ಬಿಚ್ಚಿ ಮೇನ್ ಹಗ್ಗ ಸಡಿಲ. ಭಾರ ಸೇಫ್ಟಿಗೆ ಬರುತ್ತೆ, ಮಗು ಕೂದಲು ಬಿಡಿಸ್ಕೊಳ್ಳುತ್ತೆ, ಎರಡೂ ಹಗ್ಗವನ್ನ ನಿಧಾನಕ್ಕೆ ಬಿಡ್ತಾ ಕೆಳಗಿಳಿಸೋದು. ಎರಡು ನಿಮಿಷದ ಕೆಲಸ. ಚಾಕು ತರ್ತೀವಿ ಅಂದ್ರೆ ಬೇರೆ ತಂಡ ನೋಡಿ. ಭಾರ ಬಿದ್ದು ಬಿಗಿಯಾಗಿರೋ ಹಗ್ಗಕ್ಕೆ ಚಾಕು ತಾಕಿದ್ರೆ ಸಾಕು, ಕತ್ತರಿಸಿ ಹೋಗುತ್ತೆ. ಯಾವ ಹಗ್ಗಕ್ಕೆ ತಾಕುತ್ತೋ ಹೇಳೋಕಾಗಲ್ಲ.

ಆಂಕರ್ ಕನಿಷ್ಠ ಎರಡು ಬೇರೆ ಬೇರೆ ಕಡೆಯಿಂದ ಬರಬೇಕು: ಎರಡು ಬೋಲ್ಟ್, ಅಥವಾ ಒಂದು ಬೋಲ್ಟ್, ಒಂದು ಅಲುಗದ ದೊಡ್ಡ ಬಂಡೆ. ಎರಡು ಸ್ಲಿಂಗ್ (ಆಂಕರ್ ಜೋಡಿಸೋ ಪಟ್ಟಿ) ನಡುವಿನ ಕೋನ 60 ಡಿಗ್ರಿ ದಾಟಬಾರದು. 60ರಲ್ಲಿ ಒಂದೊಂದಕ್ಕೂ ಭಾರದ ಶೇ 58 ಬೀಳುತ್ತೆ, 120ಕ್ಕೆ ಹೋದ್ರೆ ಪೂರ್ತಿ ಶೇ 100. ಎರಡು ಆಂಕರ್ ಹಾಕಿದ್ದೇ ದಂಡ. ಕ್ಯಾರಬಿನರ್ (ಹಗ್ಗ ಜೋಡಿಸೋ ಲೋಹದ ಕೊಂಡಿ) ಅಡ್ಡ ತಿರುಗಿ ಕೂತ್ರೆ ಅದರ ಬಲ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತೆ, ಅದನ್ನೂ ಗಮನಿಸಲಿ. ನಮ್ಮ ಕಡೆಯ ಗ್ರಾನೈಟ್ ಅರದ ಹಾಗೆ ಉಜ್ಜುತ್ತೆ, ಅಂಚಿನಲ್ಲಿ ಹಗ್ಗದ ಕೆಳಗೆ ಹಳೇ ಜೀನ್ಸ್ ಪ್ಯಾಂಟಾದ್ರೂ ಹಾಸಿರಬೇಕು.

ಹಾರ್ನೆಸ್ ಬೆಲ್ಟ್ ಸೊಂಟದ ಮೂಳೆಗಿಂತ ಮೇಲೆ ಇರಬೇಕು, ಕೆಳಕ್ಕೆ ಎಳೆದ್ರೂ ಜಾರಬಾರದು. ಸೊಂಟದಲ್ಲಿ ಬೆಲ್ಟ್ ನಿಲ್ಲದ ಮಕ್ಕಳಿಗೆ, ತೀರಾ ಸಣ್ಣವರಾಗಲಿ ದಪ್ಪಗಿರೋರಾಗಲಿ, ಫುಲ್ ಬಾಡಿ ಹಾರ್ನೆಸ್ ತರೋಕೆ ಈಗಲೇ ಹೇಳಿ. ಬಕಲ್, ಗಂಟು, ಕ್ಯಾರಬಿನರ್ ಸ್ಕ್ರೂ, ಹೆಲ್ಮೆಟ್, ನಾಲ್ಕನ್ನೂ ಕಟ್ಟಿದವರಲ್ಲದೆ ಇನ್ನೊಬ್ಬರು ಅಂಚಿಗೆ ಹೋಗೋ ಮುಂಚೆ ಕೈಯಿಂದ ಎಳೆದು ನೋಡಬೇಕು.

ಬೆಟ್ಟದ_ಗಾಳಿ:
ಮೇಲಿನದಕ್ಕೆ ಸಹಮತ. ಲೆಕ್ಕ ಒಂದು ನೋಡಿ ಸರ್. ಹೊಸಬರಿಗೆ ಒಂದು ಹಗ್ಗದಲ್ಲಿ ಗಂಟೆಗೆ ಆರು ಮಕ್ಕಳು ಅಂತ ಹಿಡೀರಿ. 36ಕ್ಕೆ ಆರು ಗಂಟೆ, ಅದೂ ಯಾರೂ ತಡ ಮಾಡದಿದ್ರೆ. ಅಳ್ತಾ ನಿಂತ ಮಗುಗೆ ಹತ್ತು ನಿಮಿಷ ಕೊಡೋಕೆ ನಿಮ್ಮ ಹತ್ರ ಸಮಯವೇ ಇರಲ್ಲ. ಹಿಂದೆ ಸಾಲು ನಿಂತಿರುತ್ತೆ, ಇನ್‌ಸ್ಟ್ರಕ್ಟರ್ "ಹೋಗಮ್ಮ ಹೋಗು" ಅಂತಾರೆ. ದಬಾಯಿಸೋದು ಶುರುವಾಗೋದೇ ಅಲ್ಲಿ. ನಾಲ್ಕು ಹಗ್ಗ, ಐದಾರು ಇನ್‌ಸ್ಟ್ರಕ್ಟರ್ ಕೇಳಿ. ಇಲ್ಲಾಂದ್ರೆ ಎರಡು ದಿನ, 18-18 ಮಕ್ಕಳು.

ಅಮೆರಿಕದಲ್ಲಿ 1971ರಲ್ಲಿ ಶುರುವಾದ ಪ್ರಾಜೆಕ್ಟ್ ಅಡ್ವೆಂಚರ್ ಅನ್ನೋ ಸಂಸ್ಥೆ "ಚಾಲೆಂಜ್ ಬೈ ಚಾಯ್ಸ್" ಅನ್ನೋ ಪದ್ಧತಿ ಬೆಳೆಸಿತು: ಎಷ್ಟು ದೂರ ಹೋಗಬೇಕು ಅಂತ ಮಗುವೇ ತೀರ್ಮಾನಿಸೋದು. ನಮ್ಮಲ್ಲಿ ಇದನ್ನ "ಬೇಡಾಂದ್ರೆ ಮರದ ಕೆಳಗೆ ಕೂತ್ಕೋ" ಅಂತ ಮಾಡಿಬಿಟ್ಟಿದ್ದಾರೆ. 20 ಮೀಟರ್ ಅಥವಾ ಏನೂ ಇಲ್ಲ, ಇವೆರಡೇ ಇಟ್ರೆ ಅದು ಆಯ್ಕೆಯಲ್ಲ. ನಡುವೆ ಮೆಟ್ಟಿಲು ಕಟ್ಟಿ. ಹಾರ್ನೆಸ್ ಹಾಕಿ ಎರಡು ಮೀಟರ್ ಇಳಿಜಾರಲ್ಲಿ ಹಿಂದಕ್ಕೆ ಒರಗಿ ನಿಲ್ಲೋದು ಒಂದು. ಆಮೇಲೆ ಐದು ಮೀಟರ್ ಬಂಡೆ. ದೊಡ್ಡ ಬಂಡೆಯಲ್ಲಿ ಹತ್ತೋದಾದ್ರೆ ಮೊದಲೇ ಸೀಮೆಸುಣ್ಣದಲ್ಲಿ ಗುರುತು ಮಾಡ್ಸಿ, "ಇಲ್ಲೀತನಕ ಹೋಗ್ತೀನಿ" ಅಂತ. ಅಲ್ಲಿ ಮುಟ್ಟಿ ಇಳಿದ್ರೆ ಆ ಮಗುವಿನ ಕ್ಲೈಂಬ್ ಮುಗೀತು, ಪೂರ್ತಿ.

ಬೇಕಾ ಬೇಡ್ವಾ ಅಂತ ಎಲ್ಲರೆದುರು ಕೇಳ್ಬೇಡಿ. "ಒನ್ ಟೂ ತ್ರೀ" ಕೂಗು, ಚಪ್ಪಾಳೆ, ಮೊಬೈಲ್ ವಿಡಿಯೋ, ಮೂರೂ ಬಂದ್. ಅಂಚಿನಲ್ಲಿ ಕಾಲು ನಡುಗ್ತಿದ್ರೆ ಮಗುವನ್ನ ಮಾತಾಡಿಸ್ತಾ ಇದ್ರೆ ಸಾಕು. ಉಸಿರು ಮೇಲೆ ಮೇಲೆ ಬಂದು, ಕೇಳಿದ್ದಕ್ಕೆ ಉತ್ತರ ಬರದೇ, ಕಣ್ಣು ಒಂದೇ ಕಡೆ ನೆಟ್ಟಿದ್ರೆ ವಾಪಸ್ ಕರೀರಿ. ಆ ಸ್ಥಿತೀಲಿ ಹೇಳಿದ್ದು ಕಿವಿಗೆ ಹೋಗಲ್ಲ, ವೇಗ ತಡೆಯೋಕೆ ಹಗ್ಗ ಹಿಡಿದ ಕೈ ಬಿಟ್ಟುಬಿಡ್ತಾರೆ.

ಕಲ್ಲುಬಾಳೆ:
ಮೂರು ಮಾತು. ಹೆಜ್ಜೇನು: ರಾಮನಗರದ ಕಡಿದಾದ ಬಂಡೆಗಳಲ್ಲಿ ಕಟ್ಟುತ್ತೆ. ಹಿಂದಿನ ದಿನ ಯಾರಾದ್ರೂ ಹೋಗಿ ನೋಡಿ ಬರಲಿ, ಸೆಂಟು, ಹೊಗೆ, ಕಿರುಚಾಟ ಬೇಡ. ಅನುಮತಿ: ಬಂಡೆ ಅರಣ್ಯ ಇಲಾಖೆಗೆ ಸೇರಿದ್ದಾ ಕೇಳಿ, ಪತ್ರ ಕೈಯಲ್ಲಿರಲಿ. ರಾಮದೇವರ ಬೆಟ್ಟ ರಣಹದ್ದು ಧಾಮ, ಅದನ್ನ ಬಿಟ್ಟುಬಿಡಿ.

ಮೂರನೇದು ಯಾರೂ ಹೇಳಲ್ಲ. ಬೆಟ್ಟದಲ್ಲಿ ಶೌಚಾಲಯ ಇರಲ್ಲ ಅಂತ ಹುಡುಗೀರು ಬೆಳಗ್ಗಿಂದ ನೀರೇ ಕುಡಿಯಲ್ಲ. 11 ಗಂಟೆಗೆ ಬಂಡೆ ಕಾದಾಗ ತಲೆ ಸುತ್ತುತ್ತೆ, "ಭಯ ಆಗ್ತಿದೆ, ಬೇಡ" ಅಂತಾರೆ. ಹೋಗೋ ದಾರೀಲಿ ಒಳ್ಳೆ ಶೌಚಾಲಯ ಇರೋ ಹೋಟೆಲಲ್ಲಿ ನಿಲ್ಲಿಸಿ, ಬೆಟ್ಟದ ಬುಡದಲ್ಲಿ ನಾಲ್ಕು ಕಂಬ, ಟಾರ್ಪಾಲು ಹಾಕಿ ಮರೆ ಮಾಡಿ, ಒಬ್ಬರು ಮೇಡಂ ಜೊತೇಲಿರಲಿ. ಇಳಿಯಲ್ಲ ಅನ್ನೋರ ಪಟ್ಟಿ ಅಷ್ಟಕ್ಕೇ ಚಿಕ್ಕದಾಗಬಹುದು.

ಪೀಟಿ_ಮೇಷ್ಟ್ರು:
ತುಂಬಾ ಉಪಕಾರ ಆಯ್ತು. ಎರಡು ದಿನ ಮಾಡೋಕೆ ಎಚ್‌ಎಂ ಒಪ್ಪಬಹುದು. ಪೂರ್ತಿ ಇಳಿದವರಿಗೆ ಮಾತ್ರ ಸರ್ಟಿಫಿಕೇಟ್ ಅಂತ ನೋಟಿಸ್ ಹಾಕಿಬಿಟ್ಟಿದ್ದಾರೆ, ಅದೊಂದು ಉಳೀತು.

ಬೆಟ್ಟದ_ಗಾಳಿ:
ಆ ನೋಟಿಸ್ ಇವತ್ತೇ ತೆಗೆಸಿ ಸರ್. ಅದಿರೋವರೆಗೆ ಸೀಮೆಸುಣ್ಣದ ಗುರುತನ್ನ ಎಲ್ಲರೂ ತುದೀಲೇ ಹಾಕ್ತಾರೆ.