ಮಿಸ್ಟರ್ ಫಾಕ್ಸ್ ಬ್ಯಾಂಡ್ ಕೇಳಿದವರು ಇದ್ದೀರಾ?

ಜಮಖಂಡಿ ಹುಡುಗ:
ನಮಸ್ಕಾರ ಎಲ್ಲರಿಗೂ. ಗೀಗೀ ಪದಕ್ಕೆ ಗಿಟಾರ್, ಡ್ರಮ್ ಸೇರಿಸಿ ಹಾಡಬೇಕು ಅಂತ ಗೆಳೆಯರೆಲ್ಲ ಸೇರಿದ್ದೇವೆ. ಜನಪದ ಹಾಡಿಗೆ ರಾಕ್ ಬೆರೆಸಿದ ಇಂಗ್ಲೆಂಡಿನ ಫೋಕ್ ರಾಕ್‌ನಲ್ಲಿ ಫೇರ್‌ಪೋರ್ಟ್ ಕನ್ವೆನ್ಷನ್, ಸ್ಟೀಲೈ ಸ್ಪ್ಯಾನ್ ಬ್ಯಾಂಡ್‌ಗಳನ್ನು ಕೇಳಿದ್ದಾಯ್ತು. ಮಿಸ್ಟರ್ ಫಾಕ್ಸ್ ಎರಡೇ ಆಲ್ಬಂ ಮಾಡಿ ನಿಂತುಹೋಯಿತಂತೆ. ಅದರಲ್ಲಿ ನಮಗೆ ಕಲಿಯೋಕೆ ಏನಾದರೂ ಇದೆಯಾ?

ಟಿಳಕವಾಡಿ ಕೇಳುಗ:
ತುಂಬಾ ಇದೆ ತಮ್ಮಾ. ಬಾಬ್ ಪೆಗ್, ಕ್ಯಾರೋಲ್ ಪೆಗ್ ಅನ್ನೋ ಗಂಡ ಹೆಂಡತಿ 1970ರಲ್ಲಿ ಕಟ್ಟಿದ ಬ್ಯಾಂಡ್ ಅದು. ಯಾರ್ಕ್‌ಶೈರ್ ಡೇಲ್ಸ್ ಅಂದರೆ ಇಂಗ್ಲೆಂಡಿನ ಉತ್ತರದ ಗುಡ್ಡ, ಕಣಿವೆ, ಕುರಿಗಳ ಸೀಮೆ. ಅಲ್ಲಿನ ಹಳ್ಳಿಗಳಲ್ಲಿ ಮೊದಲು ಕುಣಿತಕ್ಕೆ ನುಡಿಸುತ್ತಿದ್ದ ಮೇಳಗಳ ಸದ್ದು ಇವರಿಗೆ ಬೇಕಿತ್ತು. ಅದಕ್ಕೇ ಪಿಟೀಲು, ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ), ಕ್ಲಾರಿನೆಟ್ ಮುಂದೆ ಇಟ್ಟರು, ಎಲೆಕ್ಟ್ರಿಕ್ ಗಿಟಾರಿನ ಅಬ್ಬರ ಬೇಡ ಅಂದರು. ಹಳೇ ಹಾಡಿಗೆ ಡ್ರಮ್ ಹಚ್ಚೋದು ಆಗ ಎಲ್ಲರೂ ಮಾಡುತ್ತಿದ್ದ ಕೆಲಸ. ಇವರು ಆ ಸೀಮೆಯ ಕಥೆ ಹಿಡಿದು ಹಾಡುಗಳನ್ನು ಹೆಚ್ಚಾಗಿ ತಾವೇ ಬರೆದರು. ನನಗೆ ಇವರು ಇಷ್ಟ ಆಗೋದು ಅದಕ್ಕೇ.

ಹೆಸರು ಬಂದಿದ್ದೂ ಒಂದು ಇಂಗ್ಲಿಷ್ ಜನಪದ ಕಥೆಯಿಂದಲೇ. ಮದುವೆಗೆ ಮುಂಚೆ ಲೇಡಿ ಮೇರಿ ಯಾರಿಗೂ ಹೇಳದೆ ತಾನು ಮದುವೆಯಾಗಲಿರುವ ಮಿಸ್ಟರ್ ಫಾಕ್ಸ್‌ನ ಮನೆ ನೋಡೋಕೆ ಹೋಗುತ್ತಾಳೆ, ಒಳಗೆ ಕೋಣೆ ತುಂಬ ಹೆಣ್ಣುಮಕ್ಕಳ ಹೆಣ. ಅಷ್ಟರಲ್ಲಿ ಅವನು ಇನ್ನೊಬ್ಬಳನ್ನು ಎಳೆದು ತರುತ್ತಾನೆ, ಅವಳ ಬೆರಳಿಂದ ಉಂಗುರ ಬರಲಿಲ್ಲ ಅಂತ ಕೈಯನ್ನೇ ಕಡಿಯುತ್ತಾನೆ, ಆ ಕೈ ಹಾರಿ ಬಂದು ಅಡಗಿ ಕೂತ ಮೇರಿಯ ಮಡಿಲಿಗೆ ಬೀಳುತ್ತೆ. ಮರುದಿನ ಎಲ್ಲರ ಮುಂದೆ ಕನಸು ಹೇಳಿದ ಹಾಗೆ ಪೂರ್ತಿ ಹೇಳಿ, ಕೊನೆಗೆ ಆ ಕೈ ತೆಗೆದು ತೋರಿಸುತ್ತಾಳೆ!

ಬೈಲಹೊಂಗಲದ ಅಕ್ಕ:
ಹೊಸದಾಗಿ ಬರೀರಿ ಅನ್ನೋದು ನನಗೂ ಸರಿ ಕಾಣುತ್ತೆ. ನಮ್ಮ ಸಂಗ್ಯಾ ಬಾಳ್ಯಾ ಕೂಡ ಊರಲ್ಲಿ ನಡೆದ ಕೊಲೆಯಿಂದಲೇ ಹುಟ್ಟಿದ ಸಣ್ಣಾಟ ಅಲ್ವಾ? ಆದರೆ ಗೀಗೀ ಮೇಳದ ಹಿರಿಯರ ಹತ್ತಿರ ಕೂತು ಹಳೆಯ ಪದ ಕಲಿಯದೆ ಹೊಸದು ಬರೆದರೆ ಅದು ಸುಮ್ನೆ ಸಿನಿಮಾ ಹಾಡಾಗುತ್ತೆ. ಬಾಬ್ ಪೆಗ್ ಕೂಡ ಡೇಲ್ಸ್‌ನ ಹಳೇ ವಾದ್ಯಗಾರರನ್ನು ಹುಡುಕಿಕೊಂಡು ಹೋಗಿ ಕಲಿತವರೇ.

ಜಮಖಂಡಿ ಹುಡುಗ:
ಥ್ಯಾಂಕ್ಸ್ ಅಕ್ಕಾ, ಅಣ್ಣಾ. ಮತ್ತೆ ಬ್ಯಾಂಡ್ ಅಷ್ಟು ಬೇಗ ಯಾಕೆ ಒಡೆಯಿತು?

ಟಿಳಕವಾಡಿ ಕೇಳುಗ:
ಚೆಲ್ಲೊ, ಕ್ಲಾರಿನೆಟ್‌ನವರು ಬಿಟ್ಟರು, ಆಮೇಲೆ ಬಾಸ್ ಗಿಟಾರ್, ಡ್ರಮ್‌ನವರು ಟ್ರೀಸ್ ಅನ್ನೋ ಬ್ಯಾಂಡಿಗೆ ಹೋದರು. 1972ಕ್ಕೆ ಮುಗೀತು. ಕ್ಯಾರೋಲ್ ಮುಂದೆ ಮಂಗೋಲಿಯಾದ ಸಂಗೀತದ ಮೇಲೆ ದೊಡ್ಡ ಅಧ್ಯಯನ ಮಾಡಿದರು, ಬಾಬ್ ಕಥೆ ಹೇಳೋದನ್ನೇ ಕಸುಬು ಮಾಡಿಕೊಂಡರು. ನೀವು 1971ರ 'ದಿ ಜಿಪ್ಸಿ' ಆಲ್ಬಂನಿಂದ ಶುರು ಮಾಡಿ, ಅದರ ಹೆಸರಿನ ಹಾಡು ಹತ್ತು ನಿಮಿಷಕ್ಕೂ ಜಾಸ್ತಿ ಇದೆ. ಮತ್ತೆ ನಿಮ್ಮ ಹಾಡಲ್ಲಿ ತುಂತುಣಿ, ದಪ್ಪು ಮುಂದಿರಲಿ, ಡ್ರಮ್ ಅದರ ಹಿಂದೆ ಬರಲಿ.