ಮಂಡಿ ಸಾಫ್ಟ್‌ವೇರ್ ಮಾಡೋ ಸಣ್ಣ ಕಂಪನಿ, ಸೆಕ್ಯೂರಿಟಿ ಎಲ್ಲಿಂದ ಶುರು ಮಾಡೋದು?

ಕೋಲಾರದ_ಹುಡುಗಿ:
ಎಲ್ರಿಗೂ ನಮಸ್ಕಾರ. ಕೋಲಾರದಲ್ಲಿ ಟೊಮೇಟೊ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡೋ ಕಂಪನಿಲಿ ಇದೀನಿ, ಡೆವಲಪರ್‌ಗಳೇ ಇಪ್ಪತ್ತು ಜನರ ಮೇಲಿದೀವಿ. ರೈತರು ಕ್ರೇಟ್ ಇಳಿಸಿದಾಗಿಂದ ಹರಾಜು, ಕಮಿಷನ್, ಕೂಲಿ, ಮುಂಗಡ ಎಲ್ಲ ಕಳೆದು ಪಟ್ಟಿ (ಲೆಕ್ಕದ ಚೀಟಿ) ಕೈಗೆ ಬರೋವರ್ಗೂ ನಮ್ಮ ಆಪಲ್ಲೇ ನಡೆಯತ್ತೆ, ಬ್ಯಾಂಕ್ ಅಕೌಂಟ್ ನಂಬರೂ ಅದ್ರಲ್ಲೇ ಇರತ್ತೆ. ಈಗ ಒಬ್ರು ದೊಡ್ಡ ಗಿರಾಕಿ ಸೆಕ್ಯೂರಿಟಿ ಆಡಿಟ್ ರಿಪೋರ್ಟ್ ಇಲ್ದೆ ಸೈನ್ ಮಾಡಲ್ಲ ಅಂತಾರೆ. ನಮ್ಮ ಓನರ್ ಕೋಡಲ್ಲಿ ಸೆಕ್ಯೂರಿಟಿ ತೊಂದ್ರೆ ಹುಡುಕೋ ಒಂದು ಸ್ಕ್ಯಾನರ್ ತಂದುಕೊಟ್ಟು ನೀನೇ ನೋಡ್ಕೊಳ್ಳಮ್ಮ ಅಂದ್ರು. ಹಾಕಿದ್ರೆ ನೂರಾರು ಅಲರ್ಟ್, ಅರ್ಧಕ್ಕರ್ಧ ಸುಳ್ಳು, ಯಾರೂ ನೋಡೋದೇ ಬಿಟ್ಟವ್ರೆ. ಸ್ಕ್ಯಾನರ್ ಹೇಳದೇ ಇದ್ದದ್ದು ನಮ್ಮ ಟೆಸ್ಟಿಂಗ್ ಹುಡುಗನ ಕಣ್ಣಿಗೆ ಬಿತ್ತು: ಪಟ್ಟಿ ಡೌನ್‌ಲೋಡ್ ಲಿಂಕಲ್ಲಿ ಕೊನೇ ನಂಬರ್ ಒಂದು ಜಾಸ್ತಿ ಮಾಡಿದ್ರೆ ಬೇರೆ ರೈತನ ಪಟ್ಟಿ ಬರತ್ತೆ, ಹೆಸ್ರು ಊರು ರೇಟು ಅಕೌಂಟ್ ನಂಬರ್ ಸಮೇತ. ಅವತ್ತೇ ಸರಿ ಮಾಡಿಸ್ದೆ, ಆದ್ರೆ ಇಂಥವು ಇನ್ನೆಷ್ಟಿವೆಯೋ ಅಂತ ನಿದ್ದೆ ಬರಲ್ಲ. ಸೆಕ್ಯೂರಿಟಿಗೇ ಅಂತ ಬೇರೆ ಟೀಮ್ ಇಡೋ ಶಕ್ತಿ ನಮ್ಗಿಲ್ಲ. ಎಲ್ಲಿ ಕೈ ಹಾಕ್ಲಿ?

ಶತಶೃಂಗ:
ಅದೇ ಜಾಗಕ್ಕೆ ಕೈ ಹಾಕಿ ಮೇಡಂ. ಯಾವ ಪಟ್ಟಿ ಯಾವ ರೈತಂದು ಅನ್ನೋದು ಸ್ಕ್ಯಾನರ್‌ಗೆ ಹೆಂಗೆ ಗೊತ್ತಾಗ್ಬೇಕು, ಅದು ನಿಮ್ಮ ವ್ಯವಹಾರದ ನಿಯಮ, ನೀವೇ ಕೋಡಲ್ಲಿ ಬರೀಬೇಕು. ವೆಬ್ ಆಪ್‌ಗಳ ದೊಡ್ಡ ಅಪಾಯಗಳ ಲಿಸ್ಟ್ ಆದ ಓವಾಸ್ಪ್ ಟಾಪ್ 10ರಲ್ಲಿ ಬ್ರೋಕನ್ ಆಕ್ಸೆಸ್ ಕಂಟ್ರೋಲ್ (ಹಕ್ಕಿಲ್ಲದವ್ರಿಗೂ ಮಾಹಿತಿ ಸಿಗೋದು) 2017ರಲ್ಲಿ 5ನೇ ಜಾಗದಲ್ಲಿತ್ತು, 2021ಕ್ಕೆ 1ಕ್ಕೆ ಬಂತು, ನಿಮ್ಮದು ಪಕ್ಕಾ ಅದೇ ಜಾತಿ. ಆ ಒಂದು ಸ್ಕ್ರೀನ್ ಸರಿ ಮಾಡಿ ಬಿಡಬೇಡಿ. ಪಟ್ಟಿ, ಮುಂಗಡ, ಅಕೌಂಟ್ ಯಾವುದನ್ನ ತೆಗೆದ್ರೂ ಲಾಗಿನ್ ಆದವ್ರು ಅದ್ರ ಮಾಲೀಕರಾ ಅನ್ನೋ ಚೆಕ್ ಸರ್ವರ್‌ನಲ್ಲಿ ಒಂದೇ ಜಾಗದಲ್ಲಿ ಇರ್ಲಿ, ಪ್ರತಿ ಡೆವಲಪರ್ ನೆನಪಿಟ್ಟು ಹಾಕ್ಬೇಕು ಅಂದ್ರೆ ಯಾರೋ ಒಬ್ರು ಮರೀತಾರೆ. ಆಮೇಲೆ ಎರಡು ಡಮ್ಮಿ ರೈತರ ಲಾಗಿನ್ ಮಾಡಿ, ಒಬ್ಬನ ಟೋಕನ್ (ಲಾಗಿನ್ ಆದ ಗುರುತು) ಇಟ್ಕೊಂಡು ಇನ್ನೊಬ್ಬನ ಪಟ್ಟಿ ಕೇಳೋ ಟೆಸ್ಟ್ ಬರೀರಿ, ಸರ್ವರ್‌ನಿಂದ 403 (ಅನುಮತಿ ಇಲ್ಲ) ಬರ್ದೆ 200 (ಸರಿ) ಬಂದ್ರೆ ಬಿಲ್ಡ್ ಅಲ್ಲೇ ನಿಲ್ಬೇಕು. ಎರಡು ಮಂಡಿಗಳ ಮಧ್ಯೆನೂ ಇದೇ ಟೆಸ್ಟ್ ಬೇಕು. ನಂಬರ್ ಬದ್ಲು ಊಹಿಸೋಕಾಗದ ಉದ್ದನೇ ಯುಯುಐಡಿ ಗುರುತು ಹಾಕಿದ್ರೆ ಆಯ್ತು ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ, ಲಿಂಕ್ ವಾಟ್ಸಾಪಲ್ಲಿ ಫಾರ್ವರ್ಡ್ ಆದ್ರೆ ಮುಗೀತು.

ತುಮಕೂರು_ಕ್ಯೂಎ:
ಅಕ್ಕ, ಟೆಕ್ನಿಕಲ್ ಮಾತು ಅವ್ರು ಹೇಳಿದ್ರು, ನಾನು ಜನರ ವಿಷ್ಯ ಹೇಳ್ತೀನಿ. ನೀನೊಬ್ಳೇ ನೋಡ್ಕೊ ಅಂದ್ರೆ ಅದು ನಡೆಯೋ ಮಾತಲ್ಲ. ಪ್ರತಿ ಟೀಮಲ್ಲಿ ಇದ್ರ ಬಗ್ಗೆ ಆಸಕ್ತಿ ಇರೋ ಒಬ್ರನ್ನ ಹಿಡ್ಕೊಳ್ಳಿ, ನಿಮ್ಮ ಟೆಸ್ಟಿಂಗ್ ಹುಡುಗನಿಂದಾನೇ ಶುರು ಮಾಡಿ, ಸ್ಪ್ರಿಂಟ್‌ನಲ್ಲಿ (ಕೆಲವು ವಾರದ ಕೆಲಸದ ಪ್ಲಾನ್) ಅವ್ರಿಗೆ ಇದಕ್ಕೇ ಅಂತ ಟೈಮ್ ಬರೆದಿಡ್ಸಿ, ಮನೆಗೆ ಹೋದ್ಮೇಲೆ ಮಾಡು ಅಂದ್ರೆ ಯಾರು ಮಾಡ್ತಾರೆ. ಯಾವ ತರದ ತೊಂದ್ರೆ ಸಿಕ್ಕಿದ್ರೆ ರಿಲೀಸ್ ನಿಲ್ಸೋದು ಅಂತ ಓನರ್ ಬಾಯಿಂದಾನೇ ಮುಂಚೆನೇ ಹೇಳಿಸ್ಕೊಳ್ಳಿ, ಇಲ್ಲಾಂದ್ರೆ ರಿಲೀಸ್ ದಿನ ಜಗಳ ನಿಮ್ಮ ತಲೆ ಮೇಲೆ. ಒಪ್ಪದಿದ್ರೆ ಮೈಕ್ರೋಸಾಫ್ಟ್ ಉದಾಹರಣೆ ಕೊಡಿ: 2002ರ ಜನವರಿಯಲ್ಲಿ ಬಿಲ್ ಗೇಟ್ಸ್ ಕಂಪನಿಗೆಲ್ಲ ಮೆಮೊ ಕಳ್ಸಿ ಹೊಸ ಫೀಚರ್‌ಗಿಂತ ಸೆಕ್ಯೂರಿಟಿ ಮೊದ್ಲು ಅಂದ್ರು, ವಿಂಡೋಸ್ ಡೆವಲಪರ್‌ಗಳು ಹೊಸ ಕೆಲಸ ನಿಲ್ಲಿಸಿ ಹಳೇ ಕೋಡ್ ಜಾಲಾಡಿದ್ರು.

ಸ್ಕ್ಯಾನರ್ ಎಸೀಬೇಡಿ. ಎಸ್‌ಕ್ಯುಎಲ್ ಇಂಜೆಕ್ಷನ್ (ಫಾರ್ಮ್‌ನಲ್ಲಿ ಡೇಟಾಬೇಸ್ ಆಜ್ಞೆ ತುರುಕೋದು) ತರ ನಾಲ್ಕೈದು ರೂಲ್ ಮಾತ್ರ ಇಟ್ಟು ಉಳಿದದ್ದು ಆಫ್ ಮಾಡಿ, ಹೊಸ ಪುಲ್ ರಿಕ್ವೆಸ್ಟ್‌ಗೆ (ಸೇರಿಸೋ ಮುಂಚೆ ಪರಿಶೀಲನೆಗೆ ಬರೋ ಕೋಡ್) ಮಾತ್ರ ಓಡ್ಸಿ. ಹಳೇ ಅಲರ್ಟ್ ರಾಶಿ ಪಕ್ಕಕ್ಕಿಟ್ಟು ನಿಧಾನಕ್ಕೆ ಕರಗಿಸಿ.

ಶಿಡ್ಲಘಟ್ಟ_ಕೋಡರ್:
ಹಳೇ ರಾಶಿ ನಿಧಾನಕ್ಕೆ ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ. ಲೈಬ್ರರಿ (ಬೇರೆಯವ್ರು ಬರೆದು ನಾವು ಬಳಸೋ ಕೋಡ್) ಅಲರ್ಟ್‌ಗಳನ್ನ ಅದ್ರೊಳಗೆ ಸೇರಿಸ್ಬೇಡಿ. ಅಮೆರಿಕದ ಕ್ರೆಡಿಟ್ ರಿಪೋರ್ಟ್ ಕಂಪನಿ ಈಕ್ವಿಫ್ಯಾಕ್ಸ್ ಕಥೆ ನೋಡಿ, ಅವ್ರು ಬಳಸ್ತಿದ್ದ ಅಪಾಚೆ ಸ್ಟ್ರಟ್ಸ್ ಅನ್ನೋ ಲೈಬ್ರರಿಯ ಪ್ಯಾಚ್ 2017ರ ಮಾರ್ಚ್‌ನಲ್ಲೇ ಬಂದಿತ್ತು, ಕಳ್ಳರು ಮೇ ತಿಂಗಳಲ್ಲಿ ನುಗ್ಗಿ ಸುಮಾರು 14.7 ಕೋಟಿ ಜನರ ಮಾಹಿತಿ ಹೊತ್ಕೊಂಡು ಹೋದ್ರು. ಪ್ಯಾಚ್ ಹಾಕಿ ಅಂತ ಒಳಗೆ ಮೇಲ್ ಹೋಗಿತ್ತು, ಸ್ಕ್ಯಾನೂ ಆಗಿತ್ತು, ಆ ಒಂದು ಸರ್ವರ್ ಮಾತ್ರ ತಪ್ಪಿಸ್ಕೊಳ್ತು. ಅದ್ಕೇ ಯಾವ ಆಪಲ್ಲಿ ಯಾವ ಲೈಬ್ರರಿ ಯಾವ ವರ್ಷನ್ ಐತೆ, ಅದನ್ನ ನೋಡ್ಕೊಳ್ಳೋರು ಯಾರು ಅಂತ ಒಂದು ಶೀಟ್ ಮೊದಲು ಮಾಡಿ. ಹಂಗೇ ಕೋಡ್‌ನ ಹಳೇ ಬದಲಾವಣೆಗಳನ್ನೆಲ್ಲ ಇಟ್ಕೊಳ್ಳೋ ಗಿಟ್‌ನಲ್ಲಿ ಎಸ್‌ಎಂಎಸ್ ಗೇಟ್‌ವೇ ಕೀ, ಡೇಟಾಬೇಸ್ ಪಾಸ್‌ವರ್ಡ್ ಏನಾದ್ರೂ ಬಿದ್ದಿದ್ಯಾ ಹುಡುಕಿ. ಫೈಲಿಂದ ಅಳಿಸಿದ್ರೂ ಹಳೇ ಕಮಿಟ್‌ನಲ್ಲಿ (ಉಳಿಸಿದ ಬದಲಾವಣೆ) ಇದ್ದೇ ಇರತ್ತೆ, ಕೀನೇ ಬದಲಾಯಿಸ್ಬೇಕು.

ಕೋಲಾರದ_ಹುಡುಗಿ:
ತುಂಬಾ ಥ್ಯಾಂಕ್ಸ್. ಎರಡು ರೈತರ ಟೆಸ್ಟ್ ನಾಳೆನೇ ಶುರು ಮಾಡಿಸ್ತೀನಿ, ಟೈಮ್ ವಿಷ್ಯ ಓನರ್ ಹತ್ರ ಸೋಮವಾರ ಮಾತಾಡ್ತೀನಿ. ಇನ್ನೊಂದು ಪ್ರಶ್ನೆ, ಆ ಪಟ್ಟಿ ಲಿಂಕನ್ನ ನಮಗಿಂತ ಮುಂಚೆ ಯಾರಾದ್ರೂ ಬಳಸಿದ್ರೆ?

ಶತಶೃಂಗ:
ಅದನ್ನ ಇವತ್ತೇ ನೋಡಿ, ಟೆಸ್ಟ್ ನಾಳೆ ಬರೀಬಹುದು. ವೆಬ್ ಸರ್ವರ್ ಲಾಗ್ ತೆಗೆದು ಒಂದೇ ಲಾಗಿನ್ ಅಥವಾ ಒಂದೇ ಐಪಿಯಿಂದ ಪಟ್ಟಿ ನಂಬರ್‌ಗಳು ಒಂದರ ಹಿಂದೆ ಒಂದು ಹೋಗಿದ್ಯಾ ಹುಡುಕಿ, ಮಂಡಿ ಗುಮಾಸ್ತರ ಲಾಗಿನ್‌ಗಳನ್ನ ಬೇರೆ ಮಾಡ್ಕೊಳ್ಳಿ, ಅವ್ರು ದಿನಾ ಸಾಲಾಗಿ ತೆಗೀತಾರೆ. ಹೊರಗಿನವ್ರು ತೆಗ್ದಿರೋದು ಕಂಡ್ರೆ ಸರ್ಟ್-ಇನ್‌ಗೆ (ಸೈಬರ್ ಘಟನೆ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ತಿಳಿಸ್ಬೇಕು, 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಗೊತ್ತಾದ 6 ಗಂಟೆ ಒಳಗೆ. ಲಾಗ್ 180 ದಿನ ಇಟ್ಕೊಳ್ಬೇಕು ಅಂತಾನೂ ಅದ್ರಲ್ಲೇ ಐತೆ. ನಿಮ್ಮ ಸರ್ವರ್ ಹಳೇ ಲಾಗನ್ನ ತಾನಾಗೇ ಅಳಿಸೋ ಸೆಟ್ಟಿಂಗಲ್ಲಿದ್ರೆ ಮೊದಲು ಅದನ್ನ ನಿಲ್ಸಿ, ಒಂದು ಕಾಪಿ ಬೇರೆ ಕಡೆ ತೆಗೆದಿಡಿ.