ಫೂಟರ್‌ನಲ್ಲಿ ಒಂದು ಸಾಲು ಬದಲಿಸಿದರೆ ಕಮಿಟ್‌ಗೆ ಏಳೆಂಟು ನಿಮಿಷ!

ಪ್ರಶ್ನೆ: ಮೇಡಂ, ಹ್ಯೂಗೋದಲ್ಲಿ (ಟೆಂಪ್ಲೇಟು, ಬರಹ ಸೇರಿಸಿ ಎಚ್‌ಟಿಎಂಎಲ್ ಪುಟ ಮಾಡಿಕೊಡುವ ಸಾಫ್ಟ್‌ವೇರ್) ಮಾಡಿದ ಸೈಟು, ಸುಮಾರು 18,000 ಪುಟ. ಫೂಟರ್ ಟೆಂಪ್ಲೇಟ್‌ನಲ್ಲಿ ಫೋನ್ ನಂಬರ್ ತಿದ್ದಿ ಬಿಲ್ಡ್ ಮಾಡಿದೆ. ಗಿಟ್‌ಗೆ (ಫೈಲುಗಳ ಬದಲಾವಣೆ ದಾಖಲಿಸುವ ಸಾಧನ) ಆ್ಯಡ್ ಮಾಡಿ, ಕಮಿಟ್ (ಆ ದಾಖಲೆ ಉಳಿಸುವುದು) ಮುಗಿಸುವಷ್ಟರಲ್ಲಿ ಏಳೆಂಟು ನಿಮಿಷ ಹೋಯಿತು. ವಿಂಡೋಸ್ ಲ್ಯಾಪ್‌ಟಾಪ್. ಎಸ್‌ಎಸ್‌ಡಿ ಹಾಕಿಸಲಾ?

ಉತ್ತರ: ಈಗಲೇ ದುಡ್ಡು ಹಾಕಬೇಡಿ. ಬಿಲ್ಡ್ ಆದ ಪುಟಗಳು ಬೀಳುವ ನಿಮ್ಮ 'ಪಬ್ಲಿಕ್' ಫೋಲ್ಡರ್ ಕೂಡ ಗಿಟ್‌ನಲ್ಲಿದೆ ಅಲ್ವಾ? ತೊಂದರೆ ಇರುವುದು ಅಲ್ಲಿ. ನೀವು ಮುಟ್ಟಿದ್ದು ಒಂದೇ ಫೈಲು, ಆದರೆ ಬಿಲ್ಡ್ ಆದಮೇಲೆ 18,000 ಎಚ್‌ಟಿಎಂಎಲ್ ಬದಲಾದವು. ಗಿಟ್ ಪ್ರತಿಯೊಂದನ್ನೂ ಪೂರ್ತಿ ಓದಿ, ಹ್ಯಾಷ್ (ಒಳಗಿನ ಅಕ್ಷರಗಳಿಂದ ಬರುವ ಗುರುತು) ಲೆಕ್ಕಹಾಕಿ, ಕುಗ್ಗಿಸಿ, ಬೇರೆಬೇರೆ ಆಬ್ಜೆಕ್ಟ್ (ಗಿಟ್‌ನ ಒಳಗಿನ ಫೈಲು) ಆಗಿ ಬರೆಯುತ್ತದೆ. ವಿಂಡೋಸ್‌ನಲ್ಲಿ ಆ್ಯಂಟಿವೈರಸ್ ಅವನ್ನೆಲ್ಲ ಮತ್ತೊಮ್ಮೆ ತೆರೆದು ನೋಡುತ್ತದೆ. ಬಿಡಿ ಆಬ್ಜೆಕ್ಟ್‌ಗಳು ಸುಮಾರು 6,700 ದಾಟಿದರೆ ಗಿಟ್ ತಾನಾಗಿಯೇ ಅವನ್ನು ಒಟ್ಟುಗೂಡಿಸಿ ಪ್ಯಾಕ್ ಮಾಡಲು ಶುರುಮಾಡುತ್ತದೆ, ಆ ಹೊತ್ತೂ ಸೇರಿತು.

ಟೆಂಪ್ಲೇಟು, ಬರಹ, ಚಿತ್ರ ಇವಷ್ಟೇ ಗಿಟ್‌ನಲ್ಲಿರಲಿ. 'ಪಬ್ಲಿಕ್' ಹೆಸರನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಬಿಡಬೇಕಾದ ಫೈಲುಗಳ ಪಟ್ಟಿ) ಸೇರಿಸಿ. ಅಷ್ಟೇ ಮಾಡಿದರೆ ಸಾಲದು, ಆಗಲೇ ಟ್ರ್ಯಾಕ್ ಆಗಿರುವ ಫೈಲುಗಳಿಗೆ ಇಗ್ನೋರ್ ಅನ್ವಯಿಸುವುದಿಲ್ಲ. ಆ ಫೋಲ್ಡರ್‌ಗೆ ಗಿಟ್ ಆರ್‌ಎಂ ಕಮಾಂಡನ್ನು '-r' ಮತ್ತು 'ಕ್ಯಾಶ್ಡ್' ಆಪ್ಷನ್ ಸಮೇತ ಒಮ್ಮೆ ಕೊಟ್ಟು ಕಮಿಟ್ ಮಾಡಿ; ಫೈಲು ನಿಮ್ಮಲ್ಲೇ ಉಳಿದು ಗಿಟ್‌ನಿಂದ ಮಾತ್ರ ಹೋಗುತ್ತದೆ. ಜೊತೆಯವರಿಗೆ ಮೊದಲೇ ಹೇಳಿಬಿಡಿ: ಪುಲ್ ಮಾಡಿದಾಗ (ಹೊಸ ಕಮಿಟ್ ಇಳಿಸಿಕೊಂಡಾಗ) ಅವರ ಕಡೆ ಆ ಫೈಲುಗಳು ಅಳಿಸಿಹೋಗುತ್ತವೆ, ಮತ್ತೆ ಬಿಲ್ಡ್ ಮಾಡಿದರೆ ಬರುತ್ತವೆ.

ಪ್ರಶ್ನೆ: ಆದರೆ ಕ್ಲೈಂಟ್ ಸರ್ವರ್ 'ಪಬ್ಲಿಕ್' ಅನ್ನೇ ಪುಲ್ ಮಾಡಿಕೊಳ್ಳುತ್ತೆ. ತೆಗೆದರೆ ಸೈಟೇ ನಿಂತುಹೋಗುತ್ತಲ್ಲ?

ಉತ್ತರ: ಹಾಗಿದ್ದರೆ ಇವತ್ತೇ ತೆಗೆಯಬೇಡಿ. ಮೊದಲು ಸಿಐನಲ್ಲಿ (ತಾನಾಗಿ ಬಿಲ್ಡ್ ಮಾಡುವ ವ್ಯವಸ್ಥೆ) ಬಿಲ್ಡ್ ಆಗಿ, ಆರ್‌ಸಿಂಕ್ (ಫೈಲು ನಕಲಿಸುವ ಸಾಧನ) ಮೂಲಕ ಸರ್ವರ್‌ಗೆ ಹೋಗುವಂತೆ ಮಾಡಿ. ಅಲ್ಲಿಯವರೆಗೆ ಒಂದು ವಿಷಯ ನೋಡಿ. ಒಂದು ಬರಹ ಮಾತ್ರ ತಿದ್ದಿ ಬಿಲ್ಡ್ ಮಾಡಿ, ಸಂಬಂಧವೇ ಇಲ್ಲದ ಇನ್ನೊಂದು ಪುಟದ ಡಿಫ್ (ಹಳತು-ಹೊಸದರ ವ್ಯತ್ಯಾಸ) ತೆಗೆಯಿರಿ. 'ಬಿಲ್ಡ್ ಆದ ಸಮಯ 10:42' ಹೋಗಿ '10:57' ಬಂದಿದೆಯಾ? ಫೂಟರ್‌ನ ಆ ಒಂದು ಸಾಲಿನಿಂದ ಪ್ರತಿ ಬಿಲ್ಡ್‌ಗೂ ಎಲ್ಲ ಪುಟ ಬದಲಾಗುತ್ತದೆ. ಅದನ್ನು ಕಿತ್ತುಹಾಕಿ. ಒಳಗಿನ ಅಕ್ಷರ ಹಾಗೇ ಇದ್ದರೆ, ಫೈಲಿನ ಸಮಯ ಬದಲಾದರೂ ಗಿಟ್ ಹೊಸ ಆಬ್ಜೆಕ್ಟ್ ಬರೆಯುವುದಿಲ್ಲ.

ಇನ್ನೂ ನಿಧಾನ ಅನಿಸಿದರೆ, 'ನೋ ವೆರಿಫೈ' ಕೊಟ್ಟು ಒಮ್ಮೆ ಕಮಿಟ್ ಮಾಡಿ. ಥಟ್ಟನೆ ಮುಗಿದರೆ ಪ್ರೀ-ಕಮಿಟ್ ಹುಕ್ (ಕಮಿಟ್‌ಗೆ ಮೊದಲು ತಾನಾಗಿ ಓಡುವ ಸ್ಕ್ರಿಪ್ಟ್) ತಡಮಾಡುತ್ತಿದೆ ಅಂತ ಅರ್ಥ. ಅದು ಎಲ್ಲ ಫೈಲುಗಳನ್ನೂ ಲಿಂಟ್ ಮಾಡುತ್ತಿದ್ದರೆ (ತಪ್ಪು ಹುಡುಕುತ್ತಿದ್ದರೆ), ಸ್ಟೇಜ್ ಆದವಕ್ಕೆ (ಆ್ಯಡ್ ಮಾಡಿದವಕ್ಕೆ) ಮಾತ್ರ ಸೀಮಿತ ಮಾಡಿ. ಗಿಟ್ ಸ್ಟೇಟಸ್ (ಏನೇನು ಬದಲಾಗಿದೆ ಎಂದು ತೋರಿಸುವ ಕಮಾಂಡು) ಕೂಡ ತಡವಾದರೆ ಗಿಟ್ 2.37ಕ್ಕೆ ಅಥವಾ ಅದಕ್ಕಿಂತ ಹೊಸದಕ್ಕೆ ಹೋಗಿ, ಬದಲಾದ ಫೈಲುಗಳನ್ನು ಗಮನಿಸುತ್ತಿರುವ ಎಫ್‌ಎಸ್‌ಮಾನಿಟರ್ ಆನ್ ಮಾಡಿ. ಆ ಡಿಫ್‌ನಲ್ಲಿ ಏನು ಕಂಡಿತು ಅಂತ ಇಲ್ಲೇ ಹಾಕಿ, ನೋಡ್ತೀನಿ.